ಕಾಡಿನ ಬೆಂಕಿ: ಹಚ್ಚಿದವರು ಯಾರು, ಯಾವಾಗ, ಯಾಕೆ?

ಮೊದಲಿಗೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. 2016ರ ಮಾರ್ಚಿಯಲ್ಲಿ, ಶಿವರಾತ್ರಿ ಕಳೆದು ನಾಲ್ಕನೇ ದಿನ, ನಮ್ಮೂರ ಅಂಚಿನ ಕಾಡಿಗೆ ಬಿದ್ದ ಬೆಂಕಿ ನನ್ನ ಹೊಲದ ಬದುವಿನಿಂದ ಹೋದದ್ದು. ಇಷ್ಟು ವರ್ಷ ಇಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಈಗ ಬರೆಯುವುದಕ್ಕೆ ಕಾರಣ ಇದೆ, ಮುಂದೆ ಹೇಳ್ತೀನಿ.

ನಮ್ಮದು ಚಾಮರಾಜನಗರ ಸೀಮೆ. ನಾಲ್ಕು ಎಕರೆ ಖುಷ್ಕಿ. ರಾಗಿ, ಜೋಳ, ಸಾಲಿನಲ್ಲಿ ಅವರೆ, ಮಳೆ ಹಿಂದಾದರೆ ಬರೀ ಹುರುಳಿ. ಮೇಲಿನ ಬದು ದಾಟಿದರೆ ಆನೆ ಕಂದಕ, ಕಂದಕ ದಾಟಿದರೆ ಕಾಡು. ಬದುವಿನ ಒಣಹುಲ್ಲಿನಲ್ಲಿ ಇಲಿ ಸೇರ್ತವೆ, ಇಲಿ ಹಿಂದೆ ಹಾವು ಬರ್ತವೆ ಅಂತ ಬೇಸಿಗೆಯಲ್ಲಿ ಒಂದು ಸಲ ಸುಡುವುದು ಅಪ್ಪನ ಕಾಲದ ಅಭ್ಯಾಸ. ಆ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಕಡ್ಡಿ ಗೀರಿದೆ. ಊಟದ ಹೊತ್ತಿಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ಗಾಳಿ ತಿರುಗಿತು. ಕಂದಕದ ತುಂಬ ತರಗು ಬಿದ್ದಿತ್ತು, ಬೆಂಕಿ ಅದರೊಳಗೆ ಇಳಿದು ಆಚೆ ದಡ ಹತ್ತುವುದಕ್ಕೆ ಒಂದು ಬೀಡಿ ಸೇದುವಷ್ಟು ಹೊತ್ತೂ ಬೇಕಾಗಲಿಲ್ಲ. ಹೊಂಗೆ ಸೊಪ್ಪಿನ ಕೊಂಬೆ ಮುರಿದು ಬಡಿದೆ, ಕೂಗಿದೆ. ಆಚೆ ದಡದಲ್ಲಿ ಲಂಟಾನ ಪೊದೆ ಒಂದೇ ಸಲಕ್ಕೆ ಭಗ್ಗೆಂದಾಗ ಹಿಂದಕ್ಕೆ ಓಡಿದೆ.

ಎರಡು ದಿನ ಉರಿಯಿತು. ಬೇಸಿಗೆಗೆಂದು ಕೂಲಿಗೆ ಹಾಕಿಕೊಂಡಿದ್ದ ಬೆಂಕಿ ಕಾವಲಿನ ಹುಡುಗರು ರಾತ್ರಿಯೆಲ್ಲ ಬಡಿದು ಆರಿಸಿದರು. ಅವರಲ್ಲಿ ಒಬ್ಬನ ಕಾಲಲ್ಲಿ ಹವಾಯಿ ಚಪ್ಪಲಿ. ಕೆಂಡದ ಮೇಲೆ ಅದು ಕರಗಿ ಪಾದಕ್ಕೆ ಅಂಟಿಕೊಂಡಿತು. ಬೆಂಕಿಗೆ ಕಾರಣ 'ಕಿಡಿಗೇಡಿಗಳು' ಅಂತ ಬರೆದುಕೊಂಡರಂತೆ. ಆಮೇಲೆ ಕಾಡಂಚಿನ ಪೋಡಿನ ಒಬ್ಬ ಸೋಲಿಗರ ಮುದುಕನನ್ನು, ಅವನು ಅವತ್ತು ಅಲ್ಲಿ ದನ ಬಿಟ್ಟಿದ್ದ ಅಂತ, ಮೂರು ದಿನ ಕರೆದು ಕೂರಿಸಿ ಕಳಿಸಿದರು. ನಾನು ಬಾಯಿ ಬಿಡಲಿಲ್ಲ.

ಮಾರನೇ ವರ್ಷ ಆ ತಾತನ ಹತ್ತಿರ ಹೋಗಿ ಹೇಳಿಕೊಂಡೆ. ಆತ ಎಲೆಅಡಿಕೆ ಉಗಿದು, "ನಂಗೆ ಅವತ್ತೇ ಗೊತ್ತಿತ್ತು ಕನಪ್ಪ. ಬೂದಿನೇ ಹೇಳ್ತು" ಅಂದ.

"ಮತ್ತೆ ಯಾಕೆ ಹೇಳಲಿಲ್ಲ ತಾತ?"

"ಹೇಳಿದ್ರೆ ನಿನ್ನೂ ಕರೆಯೋರು. ನನ್ನ ಕರೆದು ಬಿಟ್ಟಾಗಿತ್ತು. ಇಬ್ರೂ ಯಾಕೆ ಅಲೀಬೇಕು?"

ಬೂದಿ ಹೇಗೆ ಹೇಳ್ತು ಅಂತ ಕೇಳಿದೆ. ಅವತ್ತು ಆತ ಹೇಳಿಕೊಟ್ಟದ್ದೇ ಈ ವಿಷಯದಲ್ಲಿ ನನ್ನ ಮೊದಲ ಪಾಠ.

ಸುಟ್ಟ ನೆಲ ಓದುವುದು

ಬೆಂಕಿ ಶುರುವಾದ ಜಾಗ ಸಣ್ಣದು. ಅಲ್ಲಿಂದ ಗಾಳಿ ಹೋದ ಕಡೆಗೆ ಮೊರದ ಆಕಾರದಲ್ಲಿ ಅಗಲವಾಗುತ್ತದೆ. ದೂರದ ಬೋರೆ ಮೇಲೆ ನಿಂತು ನೋಡಿದರೆ ಮೊರದ ಕಿರಿದಾದ ಬಾಲ ಎಲ್ಲಿದೆ ಅಂತ ಕಾಣುತ್ತದೆ. ಹತ್ತಿರ ಹೋದಮೇಲೆ ಮರದ ಬುಡ ನೋಡಬೇಕು. ಗಾಳಿ ಜೊತೆ ಓಡಿ ಬಂದ ಬೆಂಕಿ ಮರವನ್ನು ಬಳಸಿಕೊಂಡು ಹೋಗಿ ಹಿಂಬದಿಯಲ್ಲಿ ಸುಳಿಯಂತೆ ಎದ್ದೇಳುತ್ತದೆ. ಅದಕ್ಕೇ ಮಸಿ ಒಂದು ಪಕ್ಕ ಗೇಣುದ್ದ, ಇನ್ನೊಂದು ಪಕ್ಕ ಮೊಳದುದ್ದ ಇರುತ್ತದೆ. ಸಮತಟ್ಟು ನೆಲದಲ್ಲಿ ಗೇಣುದ್ದ ಇರುವ ಕಡೆಯಿಂದ ಬೆಂಕಿ ಬಂದದ್ದು. ಕಲ್ಲಿನದು ಬೇರೆ ಲೆಕ್ಕ. ಬೆಂಕಿ ಬಂದ ದಿಕ್ಕಿಗೆ ಮುಖ ಮಾಡಿದ ಮಗ್ಗುಲು ಮಸಿ ಹಿಡಿಯುತ್ತದೆ, ಹಿಂಬದಿ ತಕ್ಕಮಟ್ಟಿಗೆ ಚೊಕ್ಕಟವಾಗಿರುತ್ತದೆ.

ಗಾಳಿಗೆ ಎದುರಾಗಿ ನಿಧಾನ ತೆವಳಿದ ಬೆಂಕಿಯಲ್ಲಿ ಹುಲ್ಲಿನ ಕಡ್ಡಿಯನ್ನು ನೋಡಬೇಕು. ಬುಡ ಒಂದೇ ಪಕ್ಕ ಸುಟ್ಟು, ಕಡ್ಡಿ ಬೆಂಕಿ ಬಂದ ಕಡೆಗೇ ವಾಲಿ ಬೀಳುತ್ತದೆ. ತಾತ ಇದನ್ನೆಲ್ಲ ನೋಡಿಕೊಂಡು ಒಂದು ಗಳಿಗೆಯಲ್ಲಿ ನನ್ನ ಬದುವಿಗೆ ಬಂದು ನಿಂತಿದ್ದ. ಬೆಂಕಿಯ ಕಾರಣ ಪತ್ತೆ ಮಾಡುವ ತರಬೇತಿಯಲ್ಲಿ ಕಲಿಸುವುದೂ ಇದೇ ಗುರುತುಗಳನ್ನಂತೆ. ಇದನ್ನು ಹೇಳಿದ್ದು ನನ್ನ ತಂಗಿ ಮಗಳು. ಅವಳು ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದುತ್ತಾಳೆ. ನನ್ನ ಗುಟ್ಟು ಗೊತ್ತಿದ್ದ ಎರಡನೆಯವಳು ಅವಳೇ. ನಾನು ಏಳನೇ ಕ್ಲಾಸಿಗೆ ಸ್ಲೇಟು ಬಿಟ್ಟವನು, ಇಂಗ್ಲಿಷು ಬರುವುದಿಲ್ಲ. ಎರಡು ರಜೆಯಲ್ಲಿ ಅವಳು ಕಾಡಿನ ಬೆಂಕಿಯ ಮೇಲಿನ ಸಂಶೋಧನೆಗಳನ್ನು ಓದಿ ಓದಿ ನನಗೆ ಕನ್ನಡದಲ್ಲಿ ಹೇಳಿದಳು. ಮುಂದೆ ಬರೆಯುವ ಲೆಕ್ಕಗಳೆಲ್ಲ ಆ ಓದಿನಿಂದ ಬಂದವು. ಅಭಿಪ್ರಾಯ ಮಾತ್ರ ನನ್ನದು.

ನಮ್ಮ ಕಡೆ ಎಲೆ ಉದುರುವ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದಿಲ್ಲ ಅಂತಲೇ ಹೇಳಬೇಕು. ಬಿದಿರು ಬಿದಿರು ಉಜ್ಜಿ ಬೆಂಕಿ ಬರುತ್ತದೆ ಅಂತ ನಾವು ಚಿಕ್ಕಂದಿನಿಂದ ಕೇಳಿದ್ದೇವೆ, ಉಜ್ಜಿದ್ದನ್ನು ಕಂಡವರು ಮಾತ್ರ ನನಗೆ ಸಿಕ್ಕಿಲ್ಲ. ಸಿಡಿಲು ಬರುವುದು ಮಳೆ ಜೊತೆಗೆ. ಉಳಿದದ್ದು ಮನುಷ್ಯನ ಕೈ. ಆದರೆ ಆ ಕೈ ಒಂದೇ ಬಗೆಯದಲ್ಲ. ನನ್ನಂಥ ಬದು ಸುಡುವವನು, ಎಳೆ ಹುಲ್ಲು ಚಿಗುರಲಿ ಅಂತ ಕಡ್ಡಿ ಗೀರುವ ದನಗಾಹಿ, ಜೇನು ಕಿತ್ತು ಸೂಡಿ ಅಲ್ಲೇ ಎಸೆದು ಬರುವವನು, ಉದುರಿದ ಜಿಂಕೆ ಕೊಂಬು ಕಾಣಲಿ ಅಂತ ತರಗು ಸುಡುವವನು, ರಸ್ತೆ ಬದಿ ಒಲೆ ಹೂಡಿದ ಪ್ರವಾಸಿ, ಬೀಡಿ ತುಂಡು, ಬೇಟೆಯವನು, ಇಲಾಖೆ ಮೇಲೆ ಹಗೆ ಇಟ್ಟುಕೊಂಡವನು. ಬೆಂಕಿ ತಡೆಯಲಿ ಅಂತ ಪಟ್ಟೆ ಸುಡುವಾಗ, ಫೈರ್ ಲೈನ್ ಅಂತಾರಲ್ಲ ಅದು, ಕೈಮೀರುವುದೂ ಉಂಟು. ಇವರಿಗೆಲ್ಲ ಬೇರೆ ಬೇರೆ ಮದ್ದು ಬೇಕು. ಬದು ಸುಡುವವನಿಗೆ ಒಂದು ಬುದ್ಧಿಮಾತು ಸಾಕಾದೀತು. ಮೇವಿಗಾಗಿ ಸುಡುವವನಿಗೆ ಮೇವಿನ ದಾರಿ ಆಗಬೇಕು. ಹಗೆಯಿಂದ ಸುಡುವವನ ಹಗೆ ಏನು ಅಂತ ಕೇಳಬೇಕು. ಎಲ್ಲರನ್ನೂ 'ಕಿಡಿಗೇಡಿ' ಅಂತ ಒಂದೇ ಚೀಲಕ್ಕೆ ತುಂಬಿದರೆ ಜ್ವರ, ಭೇದಿ, ಮುರಿದ ಕಾಲು ಎಲ್ಲಕ್ಕೂ ಒಂದೇ ಮಾತ್ರೆ ಕೊಟ್ಟ ಹಾಗೆ.

ತರಗು ಬೆಂಕಿಯ ವಿಚಾರ

ಈಗ ಬಿಳಿಗಿರಿರಂಗನ ಬೆಟ್ಟದ ಕಥೆ. ಸುಮಾರು 540 ಚದರ ಕಿಲೋಮೀಟರ್ ಕಾಡು. 1974ರಲ್ಲಿ ವನ್ಯಧಾಮ ಆಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಅದಕ್ಕೂ ಮುಂಚೆ ಅಲ್ಲಿನ ಸೋಲಿಗರು ಸಂಕ್ರಾಂತಿ ಆಸುಪಾಸಿನಲ್ಲಿ ತರಗಿಗೆ ಬೆಂಕಿ ಕೊಡುತ್ತಿದ್ದರು. ಅವರ ಬಾಯಲ್ಲೇ ಅದಕ್ಕೆ 'ತರಗು ಬೆಂಕಿ' ಅಂತ ಹೆಸರಿದೆ. ಆ ಹೊತ್ತಿಗೆ ಎಲೆ ಅರ್ಧ ಮಾತ್ರ ಉದುರಿರುತ್ತದೆ, ಹುಲ್ಲಿನ ಬುಡದಲ್ಲಿ ಇನ್ನೂ ಹಸಿ ಇರುತ್ತದೆ, ರಾತ್ರಿ ಇಬ್ಬನಿ ಬೀಳುತ್ತದೆ. ಬೆಂಕಿ ಮೊಣಕಾಲೆತ್ತರ ಏಳುವುದೂ ಕಷ್ಟ. ಸಂಜೆ ತಂಪಾದರೆ ತಾನೇ ಆರುತ್ತದೆ. "ಒಂದ್ ವರ್ಸ ಈ ಕಡೆ, ಇನ್ನೊಂದ್ ವರ್ಸ ಆ ಕಡೆ. ಬೆಂಕಿ ಹಿಂದ್ಗಡೆ ನಾವು ನಡ್ಕಂಡೇ ಹೋಗ್ತಿದ್ದೊ" ಅಂತ ತಾತ ಹೇಳುತ್ತಾನೆ. ಇದರಿಂದ ದಾರಿ ಚೊಕ್ಕಟವಾಗುತ್ತಿತ್ತು, ಉಣ್ಣೆ ಸಾಯುತ್ತಿತ್ತು, ನೆಲ್ಲಿ ಮರಕ್ಕೆ ಹಿಡಿಯುವ ಬಂದಣಿಕೆ ಹದ್ದುಬಸ್ತಿನಲ್ಲಿ ಇರುತ್ತಿತ್ತು ಅಂತ ಸೋಲಿಗರು ಹೇಳುತ್ತಾರೆ. ಲಂಟಾನದ ಸಸಿಯೂ ಬೀಜವೂ ಸುಟ್ಟು ಹೋಗುತ್ತಿದ್ದವು, ಬೆಂಕಿ ನಿಲ್ಲಿಸಿದ ಮೇಲೇ ಅದು ಈ ಪರಿ ಹಬ್ಬಿದ್ದು ಅನ್ನುವುದು ಅವರ ದೊಡ್ಡ ವಾದ.

ಇದು ಮುದುಕರ ಮಾತು, ಲೆಕ್ಕ ಎಲ್ಲಿದೆ ಅಂತ ಕೇಳುವವರು ಇರುತ್ತಾರೆ. ಕೇಳಲೂಬೇಕು. ಆ ಕಾಡಿನಲ್ಲಿ 1997ರಲ್ಲಿ 134 ತಾಕು ಗುರುತು ಮಾಡಿ ಗಿಡ ಎಣಿಸಿದ್ದರು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2008ರಲ್ಲಿ ಆ ತಾಕುಗಳಲ್ಲೇ ಮತ್ತೆ ಎಣಿಸಿದರು. ಮೊದಲ ಸಲ ನೂರರಲ್ಲಿ 41 ತಾಕಿನಲ್ಲಿ ಲಂಟಾನ ಇತ್ತು, ಎರಡನೇ ಸಲ 81ರಲ್ಲಿ. ಮೊದಲು 20 ಕಾಂಡ ಎಣಿಸಿದರೆ ಒಂದು ಲಂಟಾನ ಇದ್ದದ್ದು, ಹನ್ನೊಂದು ವರ್ಷದಲ್ಲಿ ಮೂರಕ್ಕೆ ಒಂದು ಆಯಿತು. ಬೆಂಕಿ ತಡೆಯುತ್ತಿದ್ದ ಕಾಲದಲ್ಲೇ ಇದು ಆದದ್ದು ಅನ್ನುವುದನ್ನು ಗಮನಿಸಬೇಕು.

ನನಗೆ ಮೆಚ್ಚುಗೆಯಾದ ಸಂಗತಿ ಇನ್ನೊಂದಿದೆ. ಇದೇ ಸಂಶೋಧಕರು 2005ರಲ್ಲಿ ಒಂದು ಊಹೆ ಬರೆದಿದ್ದರು. ಬೆಂಕಿ ಬಿದ್ದರೆ ಲಂಟಾನ ಹೆಚ್ಚುತ್ತದೆ, ಲಂಟಾನ ಹೆಚ್ಚಿದರೆ ಬೆಂಕಿ ಜೋರಾಗುತ್ತದೆ, ಗಾಣದ ಎತ್ತಿನಂತೆ ಇದು ಸುತ್ತುತ್ತದೆ ಅಂತ. ಆಮೇಲೆ ತಾಕು ಎಣಿಸಿದಾಗ, ಹೆಚ್ಚು ಸಲ ಬೆಂಕಿ ಬಿದ್ದ ಕಡೆ ಲಂಟಾನ ಹೆಚ್ಚು ಎಂಬ ಊಹೆ ಅಲ್ಲಿ ಹೊಂದಿ ಬರಲಿಲ್ಲ. ಸೋಲಿಗರನ್ನು ಕೂರಿಸಿಕೊಂಡು ಕೇಳಿದರು, ಅವರು ಹೇಳಿದ್ದನ್ನೂ ಸಂಶೋಧನೆ ಅಂತಲೇ 2012ರಲ್ಲಿ ಪ್ರಕಟಿಸಿದರು. ತಮ್ಮ ಊಹೆಯನ್ನು ತಾವೇ ಹೊಲಕ್ಕೆ ಹೋಗಿ ಪರೀಕ್ಷೆ ಮಾಡುವುದು ಅಂದರೆ ಇದು. ನಾವು ಒಂದು ಸಲ ಗೊಬ್ಬರದಂಗಡಿಯವನ ಮಾತು ನಂಬಿದರೆ ಹತ್ತು ವರ್ಷ ಅದನ್ನೇ ಹೇಳಿಕೊಂಡು ತಿರುಗುತ್ತೇವೆ.

ಹಾಗಂದರೆ ಬೆಂಕಿ ಒಳ್ಳೆಯದೋ?

ಇಷ್ಟು ಓದಿ ಯಾರಾದರೂ ಕಡ್ಡಿಪೆಟ್ಟಿಗೆ ಹುಡುಕಿದರೆ ಕಷ್ಟ. ಬಿಳಿಗಿರಿರಂಗನ ಬೆಟ್ಟಕ್ಕೆ ದೂರವಲ್ಲದ, ಬಂಡೀಪುರಕ್ಕೆ ತಾಗಿಕೊಂಡ ತಮಿಳುನಾಡಿನ ಮುದುಮಲೆಯಲ್ಲಿ ಬೇರೆ ಲೆಕ್ಕವಿದೆ. ಅಲ್ಲಿ 1909ರಿಂದ 1921ರವರೆಗಿನ ಹಳೇ ದಾಖಲೆ ಸಿಕ್ಕಿದೆ. ಆಗ ಒಂದು ಜಾಗಕ್ಕೆ ಬೆಂಕಿ ಬಿದ್ದರೆ ಮತ್ತೆ ಬೀಳುವುದಕ್ಕೆ ಸರಾಸರಿ 10 ವರ್ಷ ಹಿಡಿಯುತ್ತಿತ್ತು. 1989ರಿಂದ 2002ರವರೆಗೆ ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕಿದಾಗ ಅದು ಮೂರು ವರ್ಷ ಚಿಲ್ಲರೆಗೆ ಇಳಿದಿತ್ತು. ಬೆಂಕಿ ಮೂರು ಪಟ್ಟು ಬೇಗ ಬರತೊಡಗಿದೆ ಅಂತ ಅರ್ಥ. ಅದೇ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಅಳೆದು, ಒಂದು ಸೆಂಟಿಮೀಟರ್ ದಪ್ಪದ ಕಾಂಡದಿಂದ ಹಿಡಿದು ಒಂದೊಂದಕ್ಕೂ ನಂಬರು ಕಟ್ಟಿ ಎಣಿಸುತ್ತಾ ಬಂದಿದ್ದಾರೆ. ಅಲ್ಲಿ ಕಂಡದ್ದು: ಬೆಂಕಿಯಲ್ಲಿ ದೊಡ್ಡ ಮರ ಸಾಯುವುದು ಕಡಿಮೆ, ಸಣ್ಣ ಕಾಂಡಗಳು ಹೆಚ್ಚಾಗಿ ಹೋಗುತ್ತವೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ದಿಂಡಿಗದ ಸಸಿ ಸುಟ್ಟರೂ ಬೇರು ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಆದರೆ ತೊಗಟೆ ದಪ್ಪವಾಗಿ ಬೆಂಕಿಗಿಂತ ಮೇಲೆ ತಲೆ ಎತ್ತುವಷ್ಟು ವರ್ಷ ಅದಕ್ಕೆ ಬಿಡುವು ಸಿಗಬೇಕು. ಮೂರು ಮೂರು ವರ್ಷಕ್ಕೆ ಸುಟ್ಟರೆ ಬೇಲಿ ಪಕ್ಕದ ಬೇವಿನ ಗಿಡವನ್ನು ವರ್ಷಾವರ್ಷ ಮೇಕೆ ಮೇಯ್ದ ಹಾಗೆ. ಬುಡ ತೋಳುದಪ್ಪ, ಎತ್ತರ ಮೊಳ. ಮರ ಆಗುವುದೇ ಇಲ್ಲ. ಮೇಲೆ ಹಳೇ ಮರ ನಿಂತಿರುವುದರಿಂದ ಕಾಡು ಚೆನ್ನಾಗಿದೆ ಅಂತ ಕಾಣುತ್ತದೆ, ಮುಂದಿನ ಪೀಳಿಗೆ ಮಾತ್ರ ಇರುವುದಿಲ್ಲ. ಊರಿನಲ್ಲಿ ಮುದುಕರೇ ಉಳಿದ ಹಾಗೆ ಅನ್ನಿ.

ಬಿಳಿಗಿರಿಯ ಲೆಕ್ಕವೂ ನಿಜ, ಮುದುಮಲೆಯ ಲೆಕ್ಕವೂ ನಿಜ. ಎರಡನ್ನೂ ಎದುರುಬದುರು ಕೂರಿಸಿ ಜಗಳ ಹಚ್ಚಬಾರದು. ಬೆಂಕಿ ಅನ್ನುವುದು ಮಳೆ ಇದ್ದ ಹಾಗೆ. ಮಳೆ ಒಳ್ಳೆಯದೋ ಕೆಟ್ಟದ್ದೋ ಅಂತ ರೈತನನ್ನು ಕೇಳಿದರೆ, ಯಾವ ಮಳೆ, ಯಾವಾಗ ಬಿತ್ತು, ಹೊಲದಲ್ಲಿ ಏನಿತ್ತು ಅಂತ ತಿರುಗಿ ಕೇಳುತ್ತಾನೆ. ಸಂಕ್ರಾಂತಿಯ ತರಗು ಬೆಂಕಿ ಮತ್ತು ಶಿವರಾತ್ರಿ ಮೇಲಿನ ಕಾಳ್ಗಿಚ್ಚು ಎರಡಕ್ಕೂ ಒಂದೇ ಹೆಸರು ಇಟ್ಟುಕೊಂಡದ್ದೇ ನಮ್ಮ ತಪ್ಪು. ಮಾರ್ಚಿ ಹೊತ್ತಿಗೆ ಎಲೆಯೆಲ್ಲ ಉದುರಿ ಹಪ್ಪಳವಾಗಿರುತ್ತದೆ, ಗಾಳಿ ಇರುತ್ತದೆ, ರಾತ್ರಿಯೂ ತಂಪಾಗುವುದಿಲ್ಲ. ಲಂಟಾನ ಇದ್ದರಂತೂ ನೆಲದ ಬೆಂಕಿಗೆ ಏಣಿ ಇಟ್ಟ ಹಾಗೆ, ಕೊಂಬೆಗೆ ಹತ್ತುತ್ತದೆ.

ಇನ್ನೊಂದು ಸೂಕ್ಷ್ಮ. ಲಂಟಾನ ಆಗಲೇ ಬಲಿತು ಪೊದೆ ಕಟ್ಟಿದ ಕಡೆ ಹಳೇ ತರಗು ಬೆಂಕಿ ಕೊಡುತ್ತೇನೆ ಅಂದರೆ ಆಗುವುದಿಲ್ಲ. ಅದು ತರಗು ಬೆಂಕಿಯಾಗಿ ಉಳಿಯುವುದೂ ಇಲ್ಲ, ಲಂಟಾನ ಸಾಯುವುದೂ ಇಲ್ಲ. ಬುಡದಿಂದ ಮತ್ತೆ ಒಡೆಯುತ್ತದೆ, ಪಿಕಳಾರ ಹಣ್ಣು ತಿಂದು ಬೀಜ ಹರಡುತ್ತದೆ. ಮೊದಲು ಕೀಳಬೇಕು. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಜೊತೆಯವರು ಕಾರ್ಬೆಟ್ ಕಾಡಿನಲ್ಲಿ ಮಾಡಿ ತೋರಿಸಿದ ವಿಧಾನ ಸುಲಭದ್ದು. ನೆಲದಿಂದ ಮೂರು ನಾಲ್ಕು ಬೆರಳು ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕಡಿದು, ಪೊದೆಯನ್ನು ಎತ್ತಿ ಬುಡಮೇಲು ಮಾಡಿ ಇಡುವುದು. ಬೇರು ಮೇಲಾಗಿ ಒಣಗುತ್ತದೆ, ಮಣ್ಣು ತಾಗಿ ಮತ್ತೆ ಚಿಗುರುವುದಿಲ್ಲ. ನನ್ನ ಬದುವಿನ ಆರು ಪೊದೆ ಹೀಗೆ ಮಾಡಿದೆ, ಐದು ಸತ್ತವು. ಆರನೆಯದರ ಬೇರು ಕಲ್ಲಿನ ಸಂದಿಯಲ್ಲಿ ಸಿಕ್ಕಿತ್ತು, ಮೇಲೇ ಕಡಿದೆ, ಅದು ಈಗ ಮತ್ತೆ ಆಳೆತ್ತರ ಇದೆ. ಮಲೆ ಮಾದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನ ಕಡ್ಡಿ ಬೇಯಿಸಿ ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ ಮಾಡುತ್ತಾರೆ. ಕೀಳುವ ಕೂಲಿಗೆ ಅಷ್ಟಾದರೂ ಹುಟ್ಟುತ್ತದೆ.

ನಮ್ಮ ಹೊಲಕ್ಕೆ ಇದರಿಂದ ಏನು?

ಬೂದಿ ಗೊಬ್ಬರ ಅಂತ ನಾನೂ ನಂಬಿದ್ದೆ. ಬೂದಿಯಲ್ಲಿ ಪೊಟ್ಯಾಶು, ಸುಣ್ಣ ಉಳಿಯುವುದು ನಿಜ. ಆದರೆ ತರಗಿನಲ್ಲಿದ್ದ ಸಾರಜನಕ ಹೊಗೆಯಾಗಿ ಆಕಾಶಕ್ಕೆ ಹೋಗುತ್ತದೆ. ಯೂರಿಯಾ ಮೂಟೆಗೆ ಸಾಲಿನಲ್ಲಿ ನಿಲ್ಲುವವರು ನಾವೇ, ಸಾರಜನಕ ಸುಡುವವರೂ ನಾವೇ. ಮಾರ್ಚಿಯಲ್ಲಿ ಸುಟ್ಟ ನೆಲ ಬೆತ್ತಲೆ ಇರುವಾಗಲೇ ರೇವತಿ, ಅಶ್ವಿನಿ ಮಳೆ ದಪ್ಪ ಹನಿಯಲ್ಲಿ ಬೀಳುತ್ತವೆ. ಬೂದಿ ಜೊತೆ ಮೇಲ್ಮಣ್ಣೂ ಹಳ್ಳಕ್ಕೆ. 2016ರಲ್ಲಿ ನಮ್ಮೂರ ಕಟ್ಟೆ ನೀರು ಒಂದು ತಿಂಗಳು ಕಪ್ಪಗಿತ್ತು, ದನ ಮೂಸಿ ಹಿಂದೆ ಸರಿಯುತ್ತಿದ್ದವು. ಕಾಡಲ್ಲಿ ಮೇವು ಸುಟ್ಟರೆ ಆನೆ ಎಲ್ಲಿಗೆ ಬರುತ್ತದೆ ಅಂತ ಕಾಡಂಚಿನವರಿಗೆ ಹೇಳಬೇಕಾಗಿಲ್ಲ. ಜನವರಿಯಲ್ಲಿ ಸುಟ್ಟ ಕಡೆ ನೆಲದ ಹಸಿಗೆ ಹುಲ್ಲು ಚಿಗುರುವುದನ್ನು ನೋಡಿದ್ದೇನೆ, ಮಾರ್ಚಿಯದು ಮಳೆ ಬರುವ ತನಕ ಕರ್ರಗೆ ಬಿದ್ದಿರುತ್ತದೆ. ಲಂಟಾನ ಹೆಚ್ಚಿದ ಕಡೆ ಹುಲ್ಲೇ ಇರುವುದಿಲ್ಲ, ಕಾಡುಹಂದಿಗೆ ಮನೆ ಮಾಡಿಕೊಟ್ಟ ಹಾಗೆ. ರಾತ್ರಿ ರಾಗಿ ಹೊಲಕ್ಕೆ ಬರಲು ಅದಕ್ಕೆ ಹತ್ತು ಮಾರು ನಡೆದರೆ ಸಾಕು.

ಈಗ ನಾನು ಬದು ಸುಡುವುದಿಲ್ಲ. ಹುಲ್ಲು ಬಲಿಯುವ ಮುಂಚೆ ಕಾರ್ತಿಕದಲ್ಲೇ ಕೊಯ್ದು ಮೆದೆಗೆ ಹಾಕುತ್ತೇನೆ, ಒರಟು ಕಡ್ಡಿ ಕೊಟ್ಟಿಗೆಗೆ ಹಾಸು. ಕಂದಕದ ಕಡೆ ಹತ್ತಡಿ ಪಟ್ಟೆ ಸಂಕ್ರಾಂತಿಗೆ ಮುಂಚೆ ಕೆರೆದು ಮಣ್ಣು ಕಾಣಿಸಿ ಬಿಡುತ್ತೇನೆ. ಇಲಿ ಬಂದವು, ಆದರೆ ಮುಂಚಿಗಿಂತ ಹೆಚ್ಚೇನೂ ಅಲ್ಲ.

ಬೆಂಕಿಯಿಂದ ಹೋಗುವುದು ಮರ ಮಾತ್ರ ಅಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಅರಣ್ಯ ರಕ್ಷಕರು ಜೀವ ಕಳೆದುಕೊಂಡರು. ಎರಡು ವರ್ಷಕ್ಕೆ, 2019ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಮೇಲೆ ಸುಟ್ಟಿತು, ವಾಯುಪಡೆಯ ಹೆಲಿಕಾಪ್ಟರು ಬಂದು ನೀರು ಸುರಿಯಬೇಕಾಯಿತು. ಹೆಲಿಕಾಪ್ಟರನ್ನು ಟೀವಿಯಲ್ಲಿ ಎಲ್ಲರೂ ನೋಡಿದರು. ಜನವರಿಯಲ್ಲಿ ನೆಲದ ಮೇಲೆ ಏನು ರಾಶಿ ಬಿದ್ದಿತ್ತು ಅನ್ನುವುದನ್ನು ತೋರಿಸುವ ಟೀವಿ ಇಲ್ಲ.

ಬೇರೆ ದೇಶದವರು ಏನು ಮಾಡಿದರು

ಬೆಂಕಿ ಪೂರಾ ನಿಲ್ಲಿಸಬೇಕು ಎಂಬ ಹಟ ಬ್ರಿಟಿಷರ ಕಾಲದ್ದು. ಅವರ ಅಧಿಕಾರಿಗಳಲ್ಲೇ ಒಬ್ಬ 1896ರಲ್ಲಿ, ಬರ್ಮಾದ ಕಾಡಿನಲ್ಲಿ ಬೆಂಕಿ ತಡೆ ಅತಿಯಾಯಿತು, ತೇಗದ ಸಸಿ ಏಳುತ್ತಿಲ್ಲ ಅಂತ ಬರೆದ. ಆಮೇಲೆ ಅಲ್ಲಿ ನಿಯಮ ಸಡಿಲವಾಯಿತು. ಆಸ್ಟ್ರೇಲಿಯಾದ ಉತ್ತರ ಭಾಗದ ಅರ್ನೆಂ ಲ್ಯಾಂಡ್‌ನಲ್ಲಿ ಅಲ್ಲಿನ ಮೂಲನಿವಾಸಿಗಳು ಬೇಸಿಗೆ ಶುರುವಿನಲ್ಲೇ ಸಣ್ಣ ಬೆಂಕಿ ಕೊಟ್ಟು ಕೊನೆಯ ದೊಡ್ಡ ಬೆಂಕಿ ತಡೆಯುತ್ತಾರೆ. 2006ರಿಂದ ಆ ಕೆಲಸಕ್ಕೆ ಒಂದು ಅನಿಲ ಕಂಪನಿ ದುಡ್ಡು ಕೊಡತೊಡಗಿತು, ಹೊಗೆ ಎಷ್ಟು ಕಡಿಮೆಯಾಯಿತು ಅಂತ ಲೆಕ್ಕ ಹಾಕಿ. ಇಂಡೊನೇಷ್ಯಾದ್ದು ಪೂರಾ ಉಲ್ಟಾ. ಅಲ್ಲಿ ಸಾವಿರಾರು ವರ್ಷದಿಂದ ಕೊಳೆಯದೆ ಉಳಿದ ಸೊಪ್ಪುಸದೆಯೇ ನೆಲವಾಗಿರುವ ಜೌಗು ಕಾಡು. ತೋಟ ಮಾಡಲು ಕಾಲುವೆ ತೋಡಿ ನೀರು ಬಸಿದರು, ಒಣಗಿದ ನೆಲವೇ ಹೊತ್ತಿ ಉರಿಯಿತು. 2015ರಲ್ಲಿ 26 ಲಕ್ಷ ಹೆಕ್ಟೇರ್ ಸುಟ್ಟು, ಅದರಲ್ಲಿ ಮೂರರಲ್ಲೊಂದು ಪಾಲು ಜೌಗು ಅಂತ ಲೆಕ್ಕ ಸಿಕ್ಕ ಮೇಲೆ, 2016ರ ಜನವರಿಯಲ್ಲಿ ಜೌಗಿಗೆ ಮತ್ತೆ ನೀರು ನಿಲ್ಲಿಸುವುದಕ್ಕೇ ಒಂದು ಸಂಸ್ಥೆ ಮಾಡಿದರು. ಅಲ್ಲಿ ಸಂಕ್ರಾಂತಿ ಬೆಂಕಿಯೂ ಬೇಡ, ಯಾವ ಬೆಂಕಿಯೂ ಬೇಡ. ಆಸ್ಟ್ರೇಲಿಯಾದ ಮದ್ದು ಅಲ್ಲಿಗೆ ವಿಷ. ನಮ್ಮಲ್ಲೂ ಅಷ್ಟೇ, ಸೋಲಿಗರ ಎಲೆ ಉದುರುವ ಕಾಡಿನ ಮಾತನ್ನು ಆಗುಂಬೆಯ ಹಸಿ ಕಾಡಿಗೆ ಹೇಳಬಾರದು.

ಯಾರು ಬರೆದಿಡಬೇಕು?

ಭಾರತೀಯ ಅರಣ್ಯ ಸರ್ವೇಕ್ಷಣಾಲಯದವರು ಉಪಗ್ರಹದಿಂದ ಬೆಂಕಿ ಕಂಡ ಕೂಡಲೇ ಮೊಬೈಲಿಗೆ ಸುದ್ದಿ ಕಳಿಸುತ್ತಾರೆ. ಹೆಸರು ನೋಂದಾಯಿಸಿದರೆ ನಮಗೂ ಬರುತ್ತದೆ. ಒಳ್ಳೆಯ ಕೆಲಸ. ಆದರೆ ಉಪಗ್ರಹ ನೋಡುವ ಒಂದು ಚುಕ್ಕೆ ನೆಲದ ಮೇಲೆ 375 ಮೀಟರ್ ಅಗಲ. ಮರದ ಕೆಳಗೆ ತೆವಳುವ ತರಗು ಬೆಂಕಿ ಅದಕ್ಕೆ ತಪ್ಪಿಹೋಗಬಹುದು. ಕಂಡರೂ ಹಚ್ಚಿದ್ದು ಯಾರು, ಯಾಕೆ ಅಂತ ಮೇಲಿನಿಂದ ಕಾಣುವುದಿಲ್ಲ. ಅದು ಗೊತ್ತಿರುವುದು ನೆಲದ ಮೇಲಿನವರಿಗೆ. ಅವರು ಬಾಯಿ ಬಿಡುವುದಿಲ್ಲ, ಯಾಕೆಂದರೆ ಬಾಯಿ ಬಿಟ್ಟರೆ ಕೇಸು. ಹತ್ತು ಬೆಂಕಿಗೆ ಹತ್ತು ಸುಳ್ಳು ಕಾರಣ ದಾಖಲಾದರೆ, ಆ ಹತ್ತನ್ನು ಕೂಡಿ ದೊಡ್ಡ ಊರಿನಲ್ಲಿ ಕೂತವರು ಮಾಡುವ ನಿಯಮ ನಿಜವಾದೀತೇ? ನಮ್ಮೂರ 2016ರ ಬೆಂಕಿ ಇವತ್ತಿಗೂ ಕಿಡಿಗೇಡಿಗಳ ಲೆಕ್ಕದಲ್ಲಿದೆ. ಆ ಸುಳ್ಳಿನಲ್ಲಿ ನನ್ನ ಪಾಲಿದೆ, ಅದಕ್ಕೇ ಈ ಲೇಖನ ಬರೆದದ್ದು.

ನನಗೆ ತೋಚಿದ್ದು ಇಷ್ಟು. ಕಾರಣ ವಿಚಾರಿಸುವವರು ಬೇರೆ, ಕೇಸು ಹಾಕುವವರು ಬೇರೆ ಇರಬೇಕು. ಕೈತಪ್ಪಿ ಹೋದ ಬೆಂಕಿಯನ್ನು ತಾನೇ ಬಂದು ಹೇಳಿದವನಿಗೆ ಒಂದು ರಿಯಾಯಿತಿ ಇರಬೇಕು, ಬೇಗ ಹೇಳಿದರೆ ಬೆಂಕಿಯೂ ಬೇಗ ಆರುತ್ತದೆ. ಎಷ್ಟು ಹೆಕ್ಟೇರ್ ಅಂತ ಮಾತ್ರವಲ್ಲ, ಯಾವ ತಾರೀಖು, ಯಾವ ಹೊತ್ತು, ಉರಿ ಎಷ್ಟೆತ್ತರ, ತರಗು ಸುಟ್ಟಿತೋ ಲಂಟಾನ ಸುಟ್ಟಿತೋ ಅಂತಲೂ ಬರೆಯಬೇಕು. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು. 2011ರಲ್ಲಿ ಬಿಳಿಗಿರಿಯ ಸೋಲಿಗರಿಗೆ ಸಮುದಾಯದ ಹಕ್ಕುಪತ್ರವೂ ಸಿಕ್ಕಿತು. ಕಾಡು ನೋಡಿಕೊಳ್ಳುವ ಹಕ್ಕು ಕೊಟ್ಟು, ಅವರ ಬೆಂಕಿಯ ತಿಳಿವಳಿಕೆಯನ್ನು ಮಾತ್ರ ಹೊರಗಿಟ್ಟರೆ ಏನು ಬಂತು? ಸೋಲಿಗರು ಹೇಳಿದ ಕೂಡಲೇ ಕಾಡೆಲ್ಲ ಸುಡಿ ಅಂತ ನಾನು ಹೇಳುವುದಿಲ್ಲ. ನಾವು ಹೊಲದಲ್ಲಿ ಹೊಸ ತಳಿ ನೋಡುವ ಹಾಗೆ ಸಾಲು ಬಿಟ್ಟು ಸಾಲು ನೋಡಲಿ. ಒಂದು ತಾಕು ಲಂಟಾನ ಕಿತ್ತು ಜನವರಿಯಲ್ಲಿ ಸುಟ್ಟದ್ದು, ಒಂದು ಕಿತ್ತು ಸುಡದೆ ಬಿಟ್ಟದ್ದು, ಒಂದು ಮುಟ್ಟದೇ ಇದ್ದದ್ದು. ಎಷ್ಟು ವರ್ಷಕ್ಕೊಮ್ಮೆ ಸುಟ್ಟರೆ ಸಸಿ ಮರವಾಗುತ್ತದೆ ಅಂತ ಹತ್ತು ವರ್ಷ ಎಣಿಸಲಿ. ಸುಡುವುದು ಇಲಾಖೆ ಮತ್ತು ಗ್ರಾಮಸಭೆ ಕೂಡಿ ಮಾಡುವ ಕೆಲಸ, ನಾವು ನಾವೇ ಮಾಡಿದರೆ ಅಪರಾಧ. ಅದು ನೆನಪಿರಲಿ.

ಅಲ್ಲಿಯವರೆಗೆ ಕಾಡಂಚಿನ ರೈತರು ಒಂದು ನೋಟುಬುಕ್ಕು ಇಡಬಹುದು. ನಾನು 2018ರಿಂದ ಇಟ್ಟಿದ್ದೇನೆ. ಹೊಗೆ ಕಂಡ ದಿನ, ಹೊತ್ತು, ದಿಕ್ಕು, ಗಾಳಿ, ಕೊನೆ ಮಳೆ ಆಗಿ ಎಷ್ಟು ದಿನ, ಆರಿದ ಮೇಲೆ ಮಸಿಯ ಗುರುತು ಯಾವ ಕಡೆ, ಮಳೆ ಬಿದ್ದ ಮೇಲೆ ಅಲ್ಲಿ ಮೊದಲು ಚಿಗುರಿದ್ದು ಹುಲ್ಲೋ ಲಂಟಾನವೋ. ಹೆಸರು ಯಾರದ್ದೂ ಬರೆಯುವುದಿಲ್ಲ. ತಂಗಿ ಮಗಳು ಅದನ್ನು ನೋಡಿ, "ಮಾವ, ಇದು ನಮ್ಮ ಕಾಲೇಜಿನಲ್ಲೂ ಇಲ್ಲ" ಅಂದಳು. ಹೊಗಳಿಕೆ ಇರಬಹುದು, ಹಬ್ಬಕ್ಕೆ ಬಂದಿದ್ದಳು.

ತಾತ ಈಗ ಹೆಚ್ಚು ನಡೆಯುವುದಿಲ್ಲ. ಪಾದ ಸುಟ್ಟುಕೊಂಡಿದ್ದ ಹುಡುಗ ಈಗಲೂ ಬೇಸಿಗೆಯಲ್ಲಿ ಬೆಂಕಿ ಕಾವಲಿಗೆ ಹೋಗುತ್ತಾನೆ, ಬೂಟು ಹಾಕಿಕೊಳ್ಳುತ್ತಾನೆ. ಸಂತೆಯಲ್ಲಿ ಸಿಕ್ಕರೆ "ಚೆನ್ನಾಗಿದ್ದೀರಾ ಅಣ್ಣ" ಅಂತ ಮಾತಾಡಿಸುತ್ತಾನೆ. ಅವನಿಗೆ ನಾನು ಇನ್ನೂ ಹೇಳಿಲ್ಲ. ಈ ಸಂಚಿಕೆ ಬಂದ ಮೇಲೆ ಒಂದು ಪ್ರತಿ ತೆಗೆದುಕೊಂಡು ಹೋಗಿ ಕೊಟ್ಟು ಬರಬೇಕು.